ವಿಲಿಯಂ ಬ್ರಾಡ್‌ಫರ್ಡ್: ಹಸಿದ ಊರಿನ ಗವರ್ನರ್

ಅಮೆರಿಕ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಮುಗಿಲು ಮುಟ್ಟುವ ಕಟ್ಟಡಗಳು, ಡಾಲರು, ಕಂಪ್ಯೂಟರ್ ಕಂಪನಿಗಳು. ಆದರೆ ಅದೇ ದೇಶದ ಈಶಾನ್ಯ ಕರಾವಳಿಯಲ್ಲಿ, ಸುಮಾರು ನಾನೂರು ವರ್ಷಗಳ ಹಿಂದೆ, ನೂರು ಜನ ಇಂಗ್ಲಿಷರು ಒಂದೇ ಒಂದು ಚಳಿಗಾಲವನ್ನು ದಾಟಲಾರದೆ ಅರ್ಧಕ್ಕರ್ಧ ಸತ್ತುಹೋದರು. ಉಳಿದವರು ತಿನ್ನಲು ಕಾಳಿಲ್ಲದೆ, ಹಿಡಿಯಲು ಬಲೆಯಿಲ್ಲದೆ, ತೀರಿಸಲು ಹಣವಿಲ್ಲದ ಸಾಲವನ್ನು ಹೊತ್ತುಕೊಂಡು ಬದುಕಿದರು. ಆ ಊರಿನ ಹೆಸರು ಪ್ಲಿಮತ್. ಅದನ್ನು ಮೂವತ್ತಕ್ಕೂ ಹೆಚ್ಚು ವರ್ಷ ನಡೆಸಿ, ಅದರ ಕಥೆಯನ್ನು ತನ್ನ ಕೈಯಿಂದಲೇ ಬರೆದಿಟ್ಟುಹೋದವನು ವಿಲಿಯಂ ಬ್ರಾಡ್‌ಫರ್ಡ್.

ಇತಿಹಾಸ ಪಾಠ ಮಾಡುವ ನನಗೆ ಈ ಮನುಷ್ಯನ ಮೇಲೆ ಮೊದಲಿನಿಂದಲೂ ಕುತೂಹಲ. ಅವನು ರಾಜನಲ್ಲ, ಸೇನಾಪತಿಯಲ್ಲ, ದೊಡ್ಡ ಪದವಿ ಪಡೆದವನೂ ಅಲ್ಲ. ತಂದೆ ತಾಯಿ ಇಲ್ಲದೆ ಬೆಳೆದ, ಕಾಯಿಲೆಯ ಹುಡುಗ. ನೇಯ್ಗೆ ಮಾಡಿ ಹೊಟ್ಟೆ ಹೊರೆದವನು. ಇಂಥವನು ಒಂದು ಊರನ್ನು ಹೇಗೆ ಉಳಿಸಿದ, ಅದಕ್ಕೆ ಯಾರು ನೆರವಾದರು, ಅದಕ್ಕಾಗಿ ಬೆಲೆ ತೆತ್ತವರು ಯಾರು ಎಂಬುದನ್ನು ನಮ್ಮ ಮಕ್ಕಳು ತಿಳಿಯಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ಬಾಲ್ಯ

ಬ್ರಾಡ್‌ಫರ್ಡ್ ಹುಟ್ಟಿದ್ದು 1590ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನ ಆಸ್ಟರ್‌ಫೀಲ್ಡ್ ಎಂಬ ಹಳ್ಳಿಯಲ್ಲಿ. ಜಮೀನಿದ್ದ ಒಕ್ಕಲು ಮನೆತನ. ಮಗು ನಡೆಯಲು ಕಲಿಯುವ ಹೊತ್ತಿಗೆ ತಂದೆ ತೀರಿಕೊಂಡ. ತಾಯಿ ಮತ್ತೊಂದು ಮದುವೆಯಾದಾಗ ಹುಡುಗನನ್ನು ಅಜ್ಜನ ಮನೆಗೆ ಕಳುಹಿಸಿದರು. ಅಜ್ಜನೂ ಹೋದ. ತಾಯಿಯ ಹತ್ತಿರ ಮರಳಿ ಬಂದರೆ, ಮರುವರ್ಷವೇ ಆಕೆಯೂ ಇಲ್ಲವಾದಳು. ಏಳು ವರ್ಷದ ಸುಮಾರಿಗೆ ಪೂರಾ ಅನಾಥನಾದ ಅವನನ್ನು ತಂದೆಯ ಸಹೋದರರಿಬ್ಬರು ಸಾಕಿದರು.

ಹೊಲದ ಕೆಲಸಕ್ಕೆ ಆಗುತ್ತಾನೆಂದು ಅವರ ಲೆಕ್ಕ. ಆದರೆ ಹುಡುಗ ದೀರ್ಘಕಾಲ ಕಾಯಿಲೆ ಬಿದ್ದ. ಹೊಲಕ್ಕೆ ಹೋಗಲಾಗದ ಆ ದಿನಗಳಲ್ಲಿ ಓದಿನ ರುಚಿ ಹತ್ತಿತು. ಬೈಬಲ್ ಓದಿದ. ಹನ್ನೆರಡು ವರ್ಷದ ಸುಮಾರಿಗೆ, ಮೈಲುಗಟ್ಟಲೆ ದೂರದ ಬ್ಯಾಬ್‌ವರ್ತ್ ಊರಿಗೆ ನಡೆದುಹೋಗಿ ರಿಚರ್ಡ್ ಕ್ಲಿಫ್ಟನ್ ಎಂಬ ಪಾದ್ರಿಯ ಉಪದೇಶ ಕೇಳತೊಡಗಿದ. ಪಕ್ಕದ ಸ್ಕ್ರೂಬಿಯಲ್ಲಿ ಅಂಚೆಯ ಮುಖ್ಯಸ್ಥನಾಗಿದ್ದ ವಿಲಿಯಂ ಬ್ರೂಸ್ಟರ್ ಅವನಿಗೆ ತಂದೆಯ ಸ್ಥಾನದಲ್ಲಿ ನಿಂತ. ಬ್ರೂಸ್ಟರ್ ಕೇಂಬ್ರಿಜ್‌ನಲ್ಲಿ ಕೆಲಕಾಲ ಓದಿದವನು, ಮನೆಯಲ್ಲಿ ಪುಸ್ತಕಗಳಿದ್ದವು. ಅಪ್ಪನಿಲ್ಲದ ಹುಡುಗನಿಗೆ ಅದೇ ಶಾಲೆಯಾಯಿತು.

ಆ ಕಾಲದ ಇಂಗ್ಲೆಂಡಿನಲ್ಲಿ ಚರ್ಚಿನ ಯಜಮಾನ ರಾಜನೇ. ರಾಜನ ಚರ್ಚನ್ನು ಬಿಟ್ಟು ಬೇರೆಯಾಗಿ ಪ್ರಾರ್ಥನೆ ನಡೆಸುವುದು ಅಪರಾಧ. ಬ್ರೂಸ್ಟರ್, ಕ್ಲಿಫ್ಟನ್, ಜಾನ್ ರಾಬಿನ್‌ಸನ್ ಮೊದಲಾದವರು ಸ್ಕ್ರೂಬಿಯಲ್ಲಿ ಹಾಗೆ ಬೇರೆಯಾಗಿಯೇ ಸೇರತೊಡಗಿದರು. ಚಿಕ್ಕಪ್ಪ ದೊಡ್ಡಪ್ಪಂದಿರು ಗದರಿದರೂ, ಊರವರು ನಕ್ಕರೂ ಬ್ರಾಡ್‌ಫರ್ಡ್ ಅವರನ್ನು ಬಿಡಲಿಲ್ಲ.

ಹಾಲೆಂಡಿನ ಹನ್ನೆರಡು ವರ್ಷ

ಸರ್ಕಾರದ ಕಾಟ ಹೆಚ್ಚಿದಾಗ ಈ ಗುಂಪು ದೇಶ ಬಿಡಲು ನಿಶ್ಚಯಿಸಿತು. ಬಿಡಲು ಅನುಮತಿಯೂ ಬೇಕಿದ್ದ ಕಾಲ ಅದು. 1607ರಲ್ಲಿ ಲಿಂಕನ್‌ಷೈರಿನ ಬೋಸ್ಟನ್ ಪಟ್ಟಣದ ಬಳಿ ಗುಟ್ಟಾಗಿ ಹಡಗು ಹತ್ತಿದರು. ಬಾಡಿಗೆ ಪಡೆದ ನಾವಿಕನೇ ಅವರನ್ನು ಹಿಡಿದುಕೊಟ್ಟ. ಹದಿಹರೆಯದ ಬ್ರಾಡ್‌ಫರ್ಡ್ ಸೆರೆಮನೆ ಕಂಡ. ಮರುವರ್ಷ ಮತ್ತೆ ಪ್ರಯತ್ನಿಸಿ ಬಿಡಿಬಿಡಿಯಾಗಿ ಆಮ್‌ಸ್ಟರ್‌ಡ್ಯಾಮ್ ಸೇರಿದರು. 1609ರಲ್ಲಿ ಲೈಡನ್ ನಗರಕ್ಕೆ ಹೋಗಿ ನೆಲೆಸಿದರು.

ಹಾಲೆಂಡಿನಲ್ಲಿ ಧರ್ಮದ ಕಾಟ ಇರಲಿಲ್ಲ, ಹೊಟ್ಟೆಯ ಕಾಟ ಇತ್ತು. ಹಳ್ಳಿಯ ಒಕ್ಕಲಿಗರಾಗಿದ್ದವರು ಪರದೇಶದ ನಗರದಲ್ಲಿ ಕೂಲಿಗಳಾದರು. ಬ್ರಾಡ್‌ಫರ್ಡ್ ಮೊದಲು ರೇಷ್ಮೆ ಕೆಲಸಗಾರನ ಬಳಿ ದುಡಿದ, ಅನಂತರ ದಪ್ಪ ಹತ್ತಿ ಬಟ್ಟೆ ನೇಯುವ ನೇಕಾರನಾದ. ಇಪ್ಪತ್ತೊಂದು ತುಂಬಿ ತಂದೆಯ ಆಸ್ತಿ ಕೈಗೆ ಬಂದಾಗ ಅದನ್ನು ಮಾರಿ ಲೈಡನ್ನಿನಲ್ಲಿ ಒಂದು ಸಣ್ಣ ಮನೆ ಕೊಂಡ. 1613ರಲ್ಲಿ ಡೊರೊಥಿ ಮೇ ಎಂಬಾಕೆಯನ್ನು ಮದುವೆಯಾದ. ಅವರಿಗೊಬ್ಬ ಮಗ ಹುಟ್ಟಿದ, ಹೆಸರು ಜಾನ್.

ವರ್ಷಗಳು ಕಳೆದಂತೆ ಗುಂಪಿಗೆ ಚಿಂತೆ ಹತ್ತಿತು. ಹಿರಿಯರು ದುಡಿದು ಬೇಗ ಮುದುಕರಾಗುತ್ತಿದ್ದರು. ಮಕ್ಕಳ ಬೆನ್ನು ದುಡಿಮೆಯಲ್ಲಿ ಬಾಗುತ್ತಿತ್ತು. ಕೆಲವರು ಡಚ್ ಸೈನ್ಯಕ್ಕೋ ಹಡಗಿಗೋ ಸೇರಿ ಮನೆ ಬಿಡುತ್ತಿದ್ದರು. ಹಾಲೆಂಡಿಗೂ ಸ್ಪೇನಿಗೂ ಮತ್ತೆ ಯುದ್ಧ ಆರಂಭವಾಗುವ ಸೂಚನೆ ಇತ್ತು. ಆಗ ಅಮೆರಿಕದ ಮಾತು ಬಂತು. ಅಲ್ಲಿನ ಸುದ್ದಿಯೇನೂ ಒಳ್ಳೆಯದಿರಲಿಲ್ಲ. 1607ರಲ್ಲಿ ವರ್ಜೀನಿಯಾದಲ್ಲಿ ನೆಲೆಗೊಂಡ ಜೇಮ್ಸ್‌ಟೌನ್‌ನಲ್ಲಿ 1609-10ರ ಚಳಿಗಾಲ ಕಳೆಯುವುದರೊಳಗೆ ಹಸಿವೆ ಮತ್ತು ರೋಗದಿಂದ ಬಹುಪಾಲು ಜನ ಸತ್ತಿದ್ದರು. ಅದನ್ನು ತಿಳಿದೂ ಇವರು ಹೊರಟರು.

ಹೊರಡಲು ಹಣ ಬೇಕು. ಥಾಮಸ್ ವೆಸ್ಟನ್ ಎಂಬ ಲಂಡನ್ ವ್ಯಾಪಾರಿ ಬಂಡವಾಳಗಾರರನ್ನು ಸೇರಿಸಿಕೊಟ್ಟ. ಕರಾರು ಹೀಗಿತ್ತು: ಏಳು ವರ್ಷ ಎಲ್ಲರೂ ಒಟ್ಟಾಗಿ ದುಡಿಯಬೇಕು, ದುಡಿದದ್ದೆಲ್ಲ ಒಂದೇ ಕಣಜಕ್ಕೆ ಸೇರಬೇಕು, ಕೊನೆಗೆ ಲಾಭ ಹಂಚಿಕೊಳ್ಳಬೇಕು. ಅಂದರೆ ಅಮೆರಿಕದ ನೆಲಕ್ಕೆ ಕಾಲಿಡುವ ಮೊದಲೇ ಅವರು ಸಾಲಗಾರರು.

ಮೇಫ್ಲವರ್

1620ರ ಬೇಸಿಗೆಯಲ್ಲಿ ಡೆಲ್ಫ್ಸ್‌ಹಾವನ್ ಬಂದರಿನಿಂದ ಸ್ಪೀಡ್‌ವೆಲ್ ಎಂಬ ಸಣ್ಣ ಹಡಗಿನಲ್ಲಿ ಹೊರಟರು. ಮೂರು ವರ್ಷದ ಆಸುಪಾಸಿನ ಮಗ ಜಾನ್‌ನನ್ನು ಬ್ರಾಡ್‌ಫರ್ಡ್ ದಂಪತಿ ಹಾಲೆಂಡಿನಲ್ಲೇ ಬಿಟ್ಟರು. ತಾಯಿ ಮಗನನ್ನು ಮತ್ತೆ ನೋಡಲಿಲ್ಲ.

ಇಂಗ್ಲೆಂಡಿನಲ್ಲಿ ಮೇಫ್ಲವರ್ ಎಂಬ ಇನ್ನೊಂದು ಹಡಗು ಜೊತೆಯಾಯಿತು. ಸ್ಪೀಡ್‌ವೆಲ್ ಸೋರತೊಡಗಿತು. ಎರಡು ಸಲ ಹಿಂದಿರುಗಿ ರಿಪೇರಿ ಮಾಡಿದರೂ ಆಗಲಿಲ್ಲ. ಕೊನೆಗೆ ಅದನ್ನು ಬಿಟ್ಟು ಒಂದೇ ಹಡಗಿನಲ್ಲಿ 102 ಜನ ತುಂಬಿಕೊಂಡು ಸೆಪ್ಟೆಂಬರ್ 6ರಂದು ಇಂಗ್ಲೆಂಡಿನ ಪ್ಲಿಮತ್ ಬಂದರನ್ನು ಬಿಟ್ಟರು. (ಈ ಲೇಖನದ ದಿನಾಂಕಗಳು ಆ ಕಾಲದ ಇಂಗ್ಲಿಷ್ ಕ್ಯಾಲೆಂಡರಿನವು, ಇಂದಿನ ಲೆಕ್ಕಕ್ಕೆ ಹತ್ತು ದಿನ ಕೂಡಿಸಬೇಕು.) ಈ ಓಡಾಟದಲ್ಲಿ ಬೇಸಿಗೆ ಕಳೆದುಹೋಗಿತ್ತು, ತಿನ್ನುವ ಸಾಮಾನು ಅರ್ಧ ಕರಗಿತ್ತು. ಮುಂದಿನ ಸಾವುಗಳ ಬೀಜ ಇಲ್ಲೇ ಬಿತ್ತು.

66 ದಿನಗಳ ಪ್ರಯಾಣ. ತಗ್ಗು ಮಾಡಿನ, ಗಾಳಿ ಬೆಳಕಿಲ್ಲದ ನಡುಅಂತಸ್ತಿನಲ್ಲಿ ಹೆಂಗಸರು, ಮಕ್ಕಳು, ಬಸುರಿಯರು. ಬಿರುಗಾಳಿಗೆ ಹಡಗಿನ ಒಂದು ಮುಖ್ಯ ತೊಲೆ ಬಿರುಕುಬಿಟ್ಟಿತು. ಪ್ರಯಾಣಿಕರು ತಂದಿದ್ದ ದೊಡ್ಡದೊಂದು ಕಬ್ಬಿಣದ ತಿರುಪಿನಿಂದ ಅದನ್ನು ಎತ್ತಿ ನಿಲ್ಲಿಸಿದರು. ಜಾನ್ ಹೌಲ್ಯಾಂಡ್ ಎಂಬ ಯುವಕ ಸಮುದ್ರಕ್ಕೆ ಬಿದ್ದು, ನೇತಾಡುತ್ತಿದ್ದ ಹಗ್ಗ ಹಿಡಿದು ಬದುಕಿದ. ದಾರಿಯಲ್ಲಿ ಪ್ರಯಾಣಿಕರಲ್ಲಿ ಒಬ್ಬ ಸತ್ತ, ಒಂದು ಮಗು ಹುಟ್ಟಿತು. ಆ ಮಗುವಿಗೆ ಸಾಗರದ ಹೆಸರನ್ನೇ ಸೇರಿಸಿ ಓಷಿಯಾನಸ್ ಎಂದು ಕರೆದರು.

ನವೆಂಬರ್ 9ರಂದು ನೆಲ ಕಂಡಿತು. ಅದು ಅವರು ಹೋಗಬೇಕಿದ್ದ ಹಡ್ಸನ್ ನದಿಯ ಕಡೆಯಲ್ಲ, ಅದಕ್ಕಿಂತ ಉತ್ತರದ ಕೇಪ್ ಕಾಡ್. ಅನುಮತಿ ಪತ್ರವೇ ಇಲ್ಲದ ಜಾಗ. ಹಡಗಿನಲ್ಲಿದ್ದವರೆಲ್ಲ ಒಂದೇ ಮತದವರೂ ಅಲ್ಲ. ಇಲ್ಲಿ ನಮ್ಮನ್ನು ಆಳುವ ಹಕ್ಕು ಯಾರಿಗೂ ಇಲ್ಲವೆಂದು ಕೆಲವರು ಗೊಣಗಿದರು. ಆಗ 41 ಗಂಡಸರು ಒಂದು ಒಪ್ಪಂದಕ್ಕೆ ಸಹಿ ಹಾಕಿ, ತಾವೇ ಕಾನೂನು ಮಾಡಿಕೊಂಡು ಅದಕ್ಕೆ ತಲೆಬಾಗುವುದಾಗಿ ಒಪ್ಪಿದರು. ಇದೇ ಮೇಫ್ಲವರ್ ಒಪ್ಪಂದ. ಇದನ್ನು ಪಾಠ ಮಾಡುವಾಗ ನಾನು ಒಂದು ಮಾತು ಸೇರಿಸುತ್ತೇನೆ: ಹೆಂಗಸರ ಸಹಿ ಅದರಲ್ಲಿಲ್ಲ, ಆ ನೆಲದ ಜನರನ್ನು ಯಾರೂ ಕೇಳಲೂ ಇಲ್ಲ.

ಮೊದಲ ಚಳಿಗಾಲ

ನೆಲೆಯೂರಲು ಜಾಗ ಹುಡುಕುವ ತಂಡಗಳಲ್ಲಿ ಬ್ರಾಡ್‌ಫರ್ಡ್ ಇದ್ದ. ಮೊದಲ ಸಲ ಹೋದಾಗ ಮೂಲನಿವಾಸಿಗಳು ಜಿಂಕೆಗೆ ಒಡ್ಡಿದ್ದ ಉರುಲಿಗೆ ಅವನ ಕಾಲೇ ಸಿಕ್ಕಿತು. ಮರಳದಿಬ್ಬದಲ್ಲಿ ಹೂತಿಟ್ಟ ಬುಟ್ಟಿ ತುಂಬ ಮೆಕ್ಕೆಜೋಳ ಸಿಕ್ಕಿತು. ಯಾರದೋ ಬಿತ್ತನೆ ಕಾಳು. ಹಸಿದವರು ತೆಗೆದುಕೊಂಡರು. ಮರುವರ್ಷ ಒಡೆಯರನ್ನು ಹುಡುಕಿ ಪರಿಹಾರ ಕೊಟ್ಟದ್ದು ನಿಜವಾದರೂ, ಊರಿನ ಬಾಳು ಆರಂಭವಾದದ್ದು ಬೇರೆಯವರ ಕಣಜದಿಂದಲೇ.

ಡಿಸೆಂಬರ್ 6ರಂದು ಒಂದು ತಂಡ ಸಣ್ಣ ದೋಣಿಯಲ್ಲಿ ಹೊರಟಿತು. ಸಮುದ್ರದ ಸಿಡಿತ ಬಟ್ಟೆಯ ಮೇಲೇ ಹೆಪ್ಪುಗಟ್ಟುತ್ತಿತ್ತು. ಒಂದು ನಸುಕಿನಲ್ಲಿ ಬಾಣಗಳ ಸುರಿಮಳೆ. ಅದೇ ದಿನ ಬಿರುಗಾಳಿಗೆ ದೋಣಿಯ ಚುಕ್ಕಾಣಿ ಮುರಿಯಿತು. ಹೇಗೋ ಒಂದು ದ್ವೀಪ ಸೇರಿ, ಕೊನೆಗೆ ಪ್ಲಿಮತ್ ಬಂದರಿನ ಜಾಗವನ್ನು ಗೊತ್ತುಮಾಡಿ, ಶುಭ ಸುದ್ದಿಯೊಂದಿಗೆ ಬ್ರಾಡ್‌ಫರ್ಡ್ ಹಡಗಿಗೆ ಮರಳಿದ. ಅಲ್ಲಿ ಅವನಿಗೆ ಕಾದಿದ್ದ ಸುದ್ದಿ ಬೇರೆ. ಡಿಸೆಂಬರ್ 7ರಂದು ಡೊರೊಥಿ ಹಡಗಿನಿಂದ ನೀರಿಗೆ ಬಿದ್ದು ಮುಳುಗಿಹೋಗಿದ್ದಳು.

ಬ್ರಾಡ್‌ಫರ್ಡ್ ಮುಂದೆ ಬರೆದ ದೊಡ್ಡ ಇತಿಹಾಸದ ಕಥನದಲ್ಲಿ ಇದರ ಪ್ರಸ್ತಾಪವೇ ಇಲ್ಲ. ಕೊನೆಯಲ್ಲಿ ಸೇರಿಸಿದ ಪ್ರಯಾಣಿಕರ ಪಟ್ಟಿಯಲ್ಲಿ, ಬಂದ ಸ್ವಲ್ಪ ಕಾಲಕ್ಕೇ ತನ್ನ ಹೆಂಡತಿ ತೀರಿಕೊಂಡಳೆಂದು ಅರ್ಧ ಸಾಲು ಇದೆ, ಅಷ್ಟೆ. ಈ ಮೌನದ ಬಗ್ಗೆ ನಂತರದವರು ನಾನಾ ಊಹೆಗಳನ್ನು ಹೆಣೆದಿದ್ದಾರೆ; ಅವುಗಳಿಗೆ ಆಧಾರವಿಲ್ಲ. ದುಃಖ ದೊಡ್ಡದಾದಾಗ ಕೆಲವರಿಗೆ ಬಾಯಿ ಬರುವುದಿಲ್ಲ ಎಂದಷ್ಟೇ ನಾನು ತಿಳಿಯುತ್ತೇನೆ.

ಕ್ರಿಸ್‌ಮಸ್ ದಿನ ಮೊದಲ ಮನೆಯ ಕೆಲಸ ಶುರುವಾಯಿತು. ಹಡಗು ದಡದಿಂದ ಬಹುದೂರ ನಿಲ್ಲಬೇಕಿತ್ತು. ಬೆಳಿಗ್ಗೆ ಚಳಿನೀರಿನಲ್ಲಿ ಇಳಿದು ದಡಕ್ಕೆ ಬರಬೇಕು, ಮರ ಕಡಿಯಬೇಕು, ಒದ್ದೆ ಬಟ್ಟೆಯಲ್ಲೇ ದುಡಿಯಬೇಕು. ತಾಜಾ ತರಕಾರಿ, ಹಣ್ಣು ಕಾಣದೆ ತಿಂಗಳುಗಳಾಗಿದ್ದವು. ಒಸಡು ಊದಿ ರಕ್ತ ಬರುವ ಸ್ಕರ್ವಿ ರೋಗ ಒಂದು ಕಡೆ, ಎದೆಗೆ ಕಟ್ಟಿದ ಚಳಿ ಒಂದು ಕಡೆ. ಕೆಲವು ದಿನ ಇಬ್ಬರು, ಮೂವರು ಸಾಯುತ್ತಿದ್ದರು. ಒಂದು ಹಂತದಲ್ಲಿ ಎದ್ದು ಓಡಾಡುವ ಶಕ್ತಿ ಇದ್ದವರು ಆರೇಳು ಜನ ಮಾತ್ರ. ಅವರೇ ಸೌದೆ ತರಬೇಕು, ಬೆಂಕಿ ಹಾಕಬೇಕು, ಗಂಜಿ ಬೇಯಿಸಬೇಕು, ರೋಗಿಗಳ ಹೊಲಸು ಬಟ್ಟೆ ಒಗೆಯಬೇಕು. ಆ ಆರೇಳು ಜನರಲ್ಲಿ ಹಿರಿಯ ಬ್ರೂಸ್ಟರ್ ಇದ್ದ, ಸೇನಾಧಿಕಾರಿ ಮೈಲ್ಸ್ ಸ್ಟ್ಯಾಂಡಿಶ್ ಇದ್ದ. ಕತ್ತಿ ಹಿಡಿಯುವ ಕೈ ಕೊಳೆ ಬಟ್ಟೆ ಒಗೆಯಿತು. ಮೊದಲ ಚಳಿಗಾಲದ ವೃತ್ತಾಂತದಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ ಭಾಗ ಇದೇ. ಆ ಇಬ್ಬರ ಉಪಕಾರವನ್ನು ಬ್ರಾಡ್‌ಫರ್ಡ್ ಹೆಸರು ಹೇಳಿ ನೆನೆದಿದ್ದಾನೆ. ಯಾಕೆಂದರೆ ಮಲಗಿದ್ದವರಲ್ಲಿ ಅವನೂ ಒಬ್ಬ.

ಜನವರಿ 11ರಂದು ಕೆಲಸ ಮಾಡುತ್ತಿದ್ದಂತೆಯೇ ಸೊಂಟಕ್ಕೆ ನೋವು ಹೊಡೆದು ಬ್ರಾಡ್‌ಫರ್ಡ್ ಕುಸಿದ. ಬದುಕುವುದೇ ಅನುಮಾನ ಎಂದುಕೊಂಡರು. ಮೂರು ದಿನಕ್ಕೆ, ಅವನೂ ಗವರ್ನರ್ ಜಾನ್ ಕಾರ್ವರ್ ಅವರೂ ಮಲಗಿದ್ದ ಸಾಮೂಹಿಕ ಮನೆಯ ಹುಲ್ಲುಮಾಡಿಗೆ ಕಿಡಿ ಹಾರಿ ಬೆಂಕಿ ಹತ್ತಿತು. ಒಳಗೆ ತುಂಬಿಟ್ಟ ಕೋವಿಗಳು, ಮದ್ದಿನ ಪುಡಿ. ತಕ್ಷಣ ಏಳದಿದ್ದರೆ ಸಿಡಿದುಹೋಗುತ್ತಿದ್ದರು. ಇಬ್ಬರೂ ಹೇಗೋ ಹೊರಬಂದು ಉಳಿದರು.

ವಸಂತ ಬರುವ ಹೊತ್ತಿಗೆ 102 ಜನರಲ್ಲಿ ಸುಮಾರು ಅರ್ಧ ಮಂದಿ ಮಣ್ಣು ಸೇರಿದ್ದರು. ಹಡಗಿನಲ್ಲಿ ಬಂದ ಹದಿನೆಂಟು ಗೃಹಿಣಿಯರಲ್ಲಿ ಮೊದಲ ಸುಗ್ಗಿಯ ಹೊತ್ತಿಗೆ ಬದುಕಿದ್ದವರು ನಾಲ್ವರು. ಇದ್ದ ಬಿಸಿ ಅನ್ನ ಮಕ್ಕಳ ಬಾಯಿಗೆ ಹೋಗಿರಬೇಕು ಎಂದು ನನಗೆ ಅನಿಸುತ್ತದೆ; ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೆಚ್ಚು ಸಂಖ್ಯೆಯಲ್ಲಿ ಉಳಿದರು. ಏಪ್ರಿಲ್‌ನಲ್ಲಿ ಮೇಫ್ಲವರ್ ಇಂಗ್ಲೆಂಡಿಗೆ ಹಿಂದಿರುಗಿತು. ಉಳಿದವರಲ್ಲಿ ಒಬ್ಬರೂ ಅದನ್ನು ಹತ್ತಲಿಲ್ಲ.

ಸ್ಕ್ವಾಂಟೊ ಕಲಿಸಿದ ಬೇಸಾಯ

ಮಾರ್ಚ್ 16ರಂದು ಸಾಮೊಸೆಟ್ ಎಂಬ ಮೂಲನಿವಾಸಿ ನೇರವಾಗಿ ಊರೊಳಗೆ ನಡೆದುಬಂದು ಇಂಗ್ಲಿಷಿನಲ್ಲೇ ಸ್ವಾಗತ ಹೇಳಿ ಎಲ್ಲರನ್ನೂ ಬೆರಗುಗೊಳಿಸಿದ. ಮೀನು ಹಿಡಿಯಲು ಬರುತ್ತಿದ್ದ ಇಂಗ್ಲಿಷ್ ನಾವಿಕರಿಂದ ಅವನು ನಾಲ್ಕು ಮಾತು ಕಲಿತಿದ್ದ. ಕೆಲವು ದಿನಗಳಲ್ಲಿ ಅವನು ಸ್ಕ್ವಾಂಟೊನನ್ನು ಕರೆತಂದ. ನಿಜವಾದ ಹೆಸರು ಟಿಸ್ಕ್ವಾಂಟಮ್.

ಸ್ಕ್ವಾಂಟೊನ ಕಥೆ ಬ್ರಾಡ್‌ಫರ್ಡನ ಕಥೆಗಿಂತ ಕಡಿಮೆಯದಲ್ಲ. 1614ರಲ್ಲಿ ಥಾಮಸ್ ಹಂಟ್ ಎಂಬ ಇಂಗ್ಲಿಷ್ ಕಪ್ತಾನ ಅವನನ್ನೂ ಇತರರನ್ನೂ ಮೋಸದಿಂದ ಹಿಡಿದು ಸ್ಪೇನಿನ ಮಾಲಗಾದಲ್ಲಿ ಗುಲಾಮರಾಗಿ ಮಾರಲು ಒಯ್ದ. ಅಲ್ಲಿಂದ ತಪ್ಪಿಸಿಕೊಂಡು, ಇಂಗ್ಲೆಂಡ್ ಸೇರಿ, ಭಾಷೆ ಕಲಿತು, 1619ರಲ್ಲಿ ತನ್ನೂರಿಗೆ ಮರಳಿದ. ಊರು ಇರಲಿಲ್ಲ. ಯುರೋಪಿಯನ್ನರ ಹಡಗುಗಳ ಜೊತೆ ಬಂದ ಸಾಂಕ್ರಾಮಿಕ ರೋಗ ಅವನ ಪಾಟಕ್ಸೆಟ್ ಗ್ರಾಮವನ್ನು ಪೂರ್ತಿ ಬರಿದು ಮಾಡಿತ್ತು. ಪ್ಲಿಮತ್‌ನವರು ಮನೆ ಕಟ್ಟಿಕೊಂಡದ್ದು ಅದೇ ಪಾಟಕ್ಸೆಟ್‌ನಲ್ಲಿ. ಅವರಿಗೆ ದೇವರು ಕೊಟ್ಟ ಬಯಲಿನಂತೆ ಕಂಡದ್ದು ಅವನಿಗೆ ತನ್ನವರ ಹೊಲ, ತನ್ನವರ ಸ್ಮಶಾನ.

ಅವನೇ ಇವರಿಗೆ ಬೇಸಾಯ ಕಲಿಸಿದ. ಇಂಗ್ಲೆಂಡಿನಿಂದ ತಂದ ಬೀಜಗಳು ಅಲ್ಲಿ ಸರಿಯಾಗಿ ಬರಲಿಲ್ಲ. ಮಣ್ಣನ್ನು ಸಣ್ಣ ಗುಡ್ಡೆ ಮಾಡಿ, ಹೊಳೆಗೆ ಏರಿಬರುವ ಮೀನುಗಳನ್ನು ಗೊಬ್ಬರವಾಗಿ ಹೂತು, ಮೆಕ್ಕೆಜೋಳ ಊರುವುದನ್ನು ತೋರಿಸಿದ. ಎಲ್ಲಿ ಮೀನು, ಎಲ್ಲಿ ಏಡಿ, ಯಾವ ಗೆಡ್ಡೆ ತಿನ್ನಬಹುದು ಎಂಬುದನ್ನೂ ಹೇಳಿಕೊಟ್ಟ. ಇಂದು ನಮ್ಮ ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಎಕರೆಗಟ್ಟಲೆ ಬೆಳೆಯುವ ಗೋವಿನಜೋಳವೂ ಅದೇ ಬೆಳೆ. ಅಮೆರಿಕ ಖಂಡದ ಮೂಲನಿವಾಸಿಗಳು ಸಾವಿರಾರು ವರ್ಷ ಆರಿಸಿ ಆರಿಸಿ ಬೆಳೆಸಿದ ಕಾಳು. ಆ ಋಣ ನಮ್ಮ ಮೇಲೂ ಇದೆ.

ವಾಂಪನೋಗ್ ಜನರ ಮುಖ್ಯಸ್ಥ ಮ್ಯಾಸಸಾಯ್ಟ್ ಮಾರ್ಚ್ 22ರಂದು ಬಂದು ಗವರ್ನರ್ ಕಾರ್ವರ್ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡ. ರೋಗದಿಂದ ತನ್ನ ಜನ ಕಡಿಮೆಯಾಗಿದ್ದ ಅವನಿಗೆ ಎದುರಾಳಿ ನರಗಾನ್ಸೆಟ್ ಜನರ ಭಯವಿತ್ತು. ಇವರ ಕೋವಿ ಅವನಿಗೆ ಬೇಕಿತ್ತು, ಅವನ ಕಾಳು ಇವರಿಗೆ ಬೇಕಿತ್ತು. ಅವನ ಕಾಲದುದ್ದಕ್ಕೂ ಆ ಒಪ್ಪಂದ ಮುರಿಯಲಿಲ್ಲ.

ಗವರ್ನರ್ ಆದದ್ದು

ಏಪ್ರಿಲ್‌ನಲ್ಲಿ ಬಿತ್ತನೆಯ ಬಿಸಿಲಲ್ಲಿ ದುಡಿಯುತ್ತಿದ್ದ ಕಾರ್ವರ್ ತಲೆನೋವೆಂದು ಮಲಗಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಉಳಿದವರು ಬ್ರಾಡ್‌ಫರ್ಡ್‌ನನ್ನು ಗವರ್ನರ್ ಆಗಿ ಆರಿಸಿದರು. ಅವನಿಗಾಗ ಮೂವತ್ತೊಂದು ವರ್ಷ. ಕಾಯಿಲೆಯಿಂದ ಇನ್ನೂ ಪೂರ್ತಿ ಎದ್ದಿರಲಿಲ್ಲ. ಸಹಾಯಕ್ಕೆ ಐಸಾಕ್ ಅಲರ್ಟನ್‌ನನ್ನು ಕೊಟ್ಟರು. ಅಂದಿನಿಂದ 1657ರವರೆಗೆ, ಐದು ವರ್ಷಗಳನ್ನು ಬಿಟ್ಟರೆ, ಪ್ರತಿ ವರ್ಷವೂ ಜನ ಅವನನ್ನೇ ಆರಿಸಿದರು. ಅದು ಆಸೆಪಟ್ಟು ಹಿಡಿಯುವ ಹುದ್ದೆಯಾಗಿರಲಿಲ್ಲ. ಎಷ್ಟೆಂದರೆ, ಆಯ್ಕೆಯಾದ ಮೇಲೆ ಗವರ್ನರ್ ಆಗಲು ಒಲ್ಲೆನೆಂದವರಿಗೆ ಇಪ್ಪತ್ತು ಪೌಂಡ್ ದಂಡ ಎಂಬ ನಿಯಮವನ್ನೇ ಮುಂದೆ ಮಾಡಬೇಕಾಯಿತು.

1621ರ ಶರತ್ಕಾಲದಲ್ಲಿ ಮೊದಲ ಬೆಳೆ ಕೈಗೆ ಬಂತು. ಮೂರು ದಿನ ಊಟ, ಆಟ. ಮ್ಯಾಸಸಾಯ್ಟ್ ತೊಂಬತ್ತು ಜನರೊಂದಿಗೆ ಬಂದ. ಅವರು ಐದು ಜಿಂಕೆ ಬೇಟೆಯಾಡಿ ತಂದರು. ಇಂದು ಅಮೆರಿಕದಲ್ಲಿ ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಈ ಸುಗ್ಗಿಯನ್ನೇ ಮೂಲವೆಂದು ಹೇಳುವುದು ರೂಢಿ. ಆದರೆ ಹೊಟ್ಟೆ ತುಂಬಿದ ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ನವೆಂಬರ್‌ನಲ್ಲಿ ಫಾರ್ಚೂನ್ ಎಂಬ ಹಡಗು 35 ಜನರನ್ನು ತಂದು ಇಳಿಸಿತು. ಅವರ ಜೊತೆ ಕಾಳಿಲ್ಲ, ಹಾಸಿಗೆಯಿಲ್ಲ, ಅಡುಗೆ ಪಾತ್ರೆಯೂ ಇಲ್ಲ. ಮೊದಲ ವರ್ಷ ಹಡಗಿನಲ್ಲಿ ಸರಕು ತುಂಬಿ ಕಳುಹಿಸಲಿಲ್ಲವೇಕೆ ಎಂದು ಗದರಿಸುವ ವೆಸ್ಟನ್ನನ ಪತ್ರ ಮಾತ್ರ ಇತ್ತು. ಅರ್ಧ ಊರು ಸತ್ತ ಚಳಿಗಾಲದ ಬಗ್ಗೆ ಕಾಗದ ಬಂದದ್ದು ಹೀಗೆ! ಬ್ರಾಡ್‌ಫರ್ಡ್ ಕೋಪವನ್ನು ನುಂಗಿ, ಸತ್ತವರ ಲೆಕ್ಕವನ್ನು ನೆನಪಿಸಿ ಉತ್ತರ ಬರೆದು, ಬೀವರ್ ಚರ್ಮ ಮತ್ತು ಮರದ ಹಲಗೆ ತುಂಬಿ ಹಡಗನ್ನು ಕಳುಹಿಸಿದ. ದಾರಿಯಲ್ಲಿ ಫ್ರೆಂಚರು ಅದನ್ನು ಹಿಡಿದು ಸರಕನ್ನೆಲ್ಲ ದೋಚಿದರು. ಊರಿನಲ್ಲಿ ಎಲ್ಲರಿಗೂ ಅರ್ಧ ಪಡಿತರ ಗೊತ್ತಾಯಿತು. ಗವರ್ನರಿಗೂ ಅಷ್ಟೇ.

ಅದೇ ಚಳಿಗಾಲದ ಆರಂಭದಲ್ಲಿ ನರಗಾನ್ಸೆಟ್ ಮುಖ್ಯಸ್ಥನಿಂದ ಹಾವಿನ ಚರ್ಮದಲ್ಲಿ ಸುತ್ತಿದ ಬಾಣಗಳ ಕಟ್ಟು ಬಂತು. ಅದು ಯುದ್ಧದ ಸವಾಲು ಎಂದು ಸ್ಕ್ವಾಂಟೊ ಅರ್ಥ ಹೇಳಿದ. ಬ್ರಾಡ್‌ಫರ್ಡ್ ಅದೇ ಚರ್ಮಕ್ಕೆ ಮದ್ದುಗುಂಡು ತುಂಬಿ ಹಿಂದಕ್ಕೆ ಕಳುಹಿಸಿದ. ಒಳಗೊಳಗೇ ಅಂಜಿ, ಹಸಿದ ಜನರನ್ನು ಹಚ್ಚಿ ಊರ ಸುತ್ತ ಮರದ ಕೋಟೆಬೇಲಿ ಕಟ್ಟಿಸಿದ. ಆ ದಿನಗಳ ಒಂದು ಸಣ್ಣ ಪ್ರಸಂಗ ಮಕ್ಕಳಿಗೆ ಹಿಡಿಸುತ್ತದೆ. ಕ್ರಿಸ್‌ಮಸ್ ದಿನ ಕೆಲಸ ಮಾಡಲು ಮನಸ್ಸಾಕ್ಷಿ ಒಪ್ಪದೆಂದು ಹೊಸದಾಗಿ ಬಂದವರು ಹೇಳಿದರು. ಗವರ್ನರ್ ಒತ್ತಾಯಿಸಲಿಲ್ಲ. ಮಧ್ಯಾಹ್ನ ಬಂದು ನೋಡಿದರೆ ಅವರು ಬೀದಿಯಲ್ಲಿ ಚೆಂಡಾಡುತ್ತಿದ್ದರು. ಆಟದ ಸಾಮಾನು ಕಿತ್ತುಕೊಂಡು, ಉಳಿದವರು ದುಡಿಯುವಾಗ ಬೀದಿಯಲ್ಲಿ ಆಡಲು ತನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ, ಪ್ರಾರ್ಥನೆ ಮಾಡುವುದಾದರೆ ಮನೆಯೊಳಗಿರಲಿ ಎಂದ.

ಹಸಿವೆ ಮತ್ತು ಹೊಲದ ಹಂಚಿಕೆ

1622 ಮತ್ತು 1623 ಹಸಿವೆಯ ವರ್ಷಗಳು. ಸಮುದ್ರದ ತುಂಬ ಮೀನು. ಇವರ ಹತ್ತಿರ ತಕ್ಕ ಬಲೆಯಿಲ್ಲ, ಗಾಳವಿಲ್ಲ. ಇದ್ದ ಒಂದೇ ದೋಣಿಯಲ್ಲಿ ಆರೇಳು ಜನರ ತಂಡಗಳು ಸರದಿಯ ಮೇಲೆ ಹೋಗುತ್ತಿದ್ದವು. ಏನಾದರೂ ಸಿಗದೆ ಹಿಂದಿರುಗುತ್ತಿರಲಿಲ್ಲ. ಉಳಿದವರು ಇಳಿತದ ಹೊತ್ತಿನಲ್ಲಿ ಮರಳು ಕೆದಕಿ ಚಿಪ್ಪುಮೀನು ತೆಗೆಯುತ್ತಿದ್ದರು. ಕಾಳಿಗಾಗಿ ಬ್ರಾಡ್‌ಫರ್ಡ್ ಕರಾವಳಿಯುದ್ದಕ್ಕೂ ಮೂಲನಿವಾಸಿಗಳ ಊರುಗಳಿಗೆ ಹೋದ. ಅಂಥ ಒಂದು ಪ್ರಯಾಣದಲ್ಲೇ, 1622ರ ಕೊನೆಯಲ್ಲಿ, ಸ್ಕ್ವಾಂಟೊ ಜ್ವರ ಬಂದು ಸತ್ತ. ಅವನು ತನ್ನ ಲಾಭಕ್ಕಾಗಿ ಕೆಲವು ಆಟ ಆಡಿದ್ದ, ಮ್ಯಾಸಸಾಯ್ಟ್ ಅವನ ತಲೆ ಕೇಳಿದ್ದ. ಆದರೂ ಬ್ರಾಡ್‌ಫರ್ಡ್ ಅವನನ್ನು ಬಿಟ್ಟುಕೊಟ್ಟಿರಲಿಲ್ಲ.

ಒಟ್ಟು ದುಡಿಮೆಯ ಕರಾರು ಊರಲ್ಲಿ ಜಗಳಕ್ಕೆ ಕಾರಣವಾಗಿತ್ತು. ಗಟ್ಟಿಮುಟ್ಟಾದವನಿಗೂ ಮೈಗಳ್ಳನಿಗೂ ಒಂದೇ ಪಾಲು. ಬೇರೆಯವರ ಗಂಡಂದಿರ ಬಟ್ಟೆ ಒಗೆದು ಅಡುಗೆ ಮಾಡುವುದು ಹೆಂಗಸರಿಗೆ ಜೀತವೆನಿಸಿತ್ತು. 1623ರ ಬಿತ್ತನೆಗೆ ಬ್ರಾಡ್‌ಫರ್ಡ್, ಹಿರಿಯರ ಸಲಹೆ ಪಡೆದು, ಪ್ರತಿ ಮನೆಗೂ ತಲೆ ಲೆಕ್ಕದಲ್ಲಿ ಹೊಲ ಹಂಚಿದ: ನಿಮ್ಮ ಕಾಳು ನೀವೇ ಬೆಳೆದುಕೊಳ್ಳಿ. ಮಕ್ಕಳನ್ನು ಕಟ್ಟಿಕೊಂಡು ಹೆಂಗಸರೂ ಹೊಲಕ್ಕೆ ಇಳಿದರು. ಬಿತ್ತಿದ ನೆಲ ಹೆಚ್ಚಿತು. ಅಷ್ಟರಲ್ಲಿ ಮೇ ಮೂರನೇ ವಾರದಿಂದ ಜುಲೈ ಮಧ್ಯದವರೆಗೆ ಮಳೆಯೇ ಇಲ್ಲ. ಪೈರು ಬಾಡಿತು. ಎಲ್ಲರೂ ಸೇರಿ ಒಂದು ದಿನ ಉಪವಾಸ, ಪ್ರಾರ್ಥನೆ ಮಾಡಿದರು. ಸಂಜೆಗೆ ಮೋಡ ಕವಿದು ಹದವಾದ ಮಳೆ ಹಿಡಿಯಿತು. ಮಳೆಗಾಗಿ ಆಕಾಶ ನೋಡಿ ಗೊತ್ತಿರುವ ನಮ್ಮ ಊರಿನವರಿಗೆ ಆ ಸಂಜೆಯನ್ನು ವಿವರಿಸಬೇಕಾಗಿಲ್ಲ.

ಅದೇ ಬೇಸಿಗೆಯಲ್ಲಿ ಆನ್ ಎಂಬ ಹಡಗಿನಲ್ಲಿ ಹೊಸಬರು ಬಂದರು. ಹರಕು ಬಟ್ಟೆಯ, ಬಡಕಲು ಜನರನ್ನು ಕಂಡು ಕೆಲವರು ಅತ್ತರು. ಅವರಿಗೆ ಬಡಿಸಲು ಊರಿನಲ್ಲಿದ್ದದ್ದು ಕಡಲೇಡಿ ಇಲ್ಲವೆ ಮೀನಿನ ತುಂಡು, ಒಂದು ಲೋಟ ಊಟೆ ನೀರು. ರೊಟ್ಟಿ ಇರಲಿಲ್ಲ. ಆ ಹಡಗಿನಲ್ಲೇ ಆಲಿಸ್ ಸೌತ್‌ವರ್ತ್ ಎಂಬ ವಿಧವೆ ಬಂದಳು. ಆಗಸ್ಟ್ 14ರಂದು ಬ್ರಾಡ್‌ಫರ್ಡ್ ಆಕೆಯನ್ನು ಮದುವೆಯಾದ. ಅವರಿಗೆ ಮೂವರು ಮಕ್ಕಳಾದರು. ಹಾಲೆಂಡಿನಲ್ಲಿ ಬಿಟ್ಟಿದ್ದ ಜಾನ್ ಕೂಡ ಮುಂದೆ ಬಂದು ಸೇರಿದ. ಆ ವರ್ಷದ ಸುಗ್ಗಿಯ ನಂತರ ಊರಿಗೆ ಮತ್ತೆ ಅಂಥ ಬರಗಾಲ ಬರಲಿಲ್ಲ.

ಸಾಲದ ಹೊರೆ ಬೇರೆಯೇ ಕಥೆ. 1626-27ರಲ್ಲಿ ಲಂಡನ್ನಿನವರ ಪಾಲನ್ನು 1800 ಪೌಂಡಿಗೆ, ವರ್ಷಕ್ಕೆ 200ರಂತೆ ಕೊಡುವ ಮಾತಿನ ಮೇಲೆ ಕೊಂಡರು. ಊರಿನ ಪರವಾಗಿ ಆ ಸಾಲಕ್ಕೆ ತಲೆಕೊಟ್ಟ ಕೆಲವೇ ಜನರಲ್ಲಿ ಬ್ರಾಡ್‌ಫರ್ಡ್ ಮುಖ್ಯ. ವ್ಯವಹಾರಕ್ಕೆ ಲಂಡನ್ನಿಗೆ ಹೋಗಿ ಬರುತ್ತಿದ್ದ ಅಲರ್ಟನ್ ಲೆಕ್ಕ ಗೋಜಲು ಮಾಡಿದ. ಸಾಲ ಕರಗುವ ಬದಲು ಬೆಳೆಯಿತು. ಅದರಿಂದ ಬಿಡಿಸಿಕೊಳ್ಳಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಇನ್ನೊಂದು ಕಡೆ, 1630ರಲ್ಲಿ ಪ್ಲಿಮತ್ ಭೂಮಿಯ ಹಕ್ಕುಪತ್ರ ಬ್ರಾಡ್‌ಫರ್ಡ್ ಹೆಸರಿಗೇ ಬಂದಿತ್ತು. ಬೇಕೆಂದಿದ್ದರೆ ದೊಡ್ಡ ಜಮೀನುದಾರನಾಗಬಹುದಿತ್ತು. ಮೊದಲು ಬಂದವರಿಗೆಂದು ಕೆಲವು ಭಾಗ ಉಳಿಸಿ, ಮಿಕ್ಕ ಹಕ್ಕನ್ನು ಹತ್ತು ವರ್ಷದ ಮೇಲೆ ಅವನು ಊರಿನ ನಾಗರಿಕರಿಗೆ ಒಪ್ಪಿಸಿಬಿಟ್ಟ.

ಇನ್ನೊಂದು ಮುಖ

ಇಷ್ಟಕ್ಕೇ ನಿಲ್ಲಿಸಿದರೆ ಇದು ಹೊಗಳಿಕೆಯ ಪಾಠವಾಗುತ್ತದೆ, ಇತಿಹಾಸವಾಗುವುದಿಲ್ಲ. 1623ರ ವಸಂತದಲ್ಲಿ, ಮೂಲನಿವಾಸಿಗಳು ದಾಳಿಗೆ ಸಂಚು ಮಾಡಿದ್ದಾರೆಂಬ ಸುದ್ದಿ ಬಂದಾಗ, ಬ್ರಾಡ್‌ಫರ್ಡ್ ಮತ್ತು ಊರಿನವರು ಸ್ಟ್ಯಾಂಡಿಶ್‌ನನ್ನು ವೆಸಾಗಸೆಟ್‌ಗೆ ಕಳುಹಿಸಿದರು. ಅವನು ಮ್ಯಾಸಚುಸೆಟ್ ಜನರ ಮುಂದಾಳುಗಳನ್ನು ಮನೆಯೊಳಗೆ ಕೂಡಿಹಾಕಿ ಕೊಂದ. ಒಬ್ಬನ ತಲೆಯನ್ನು ತಂದು ಪ್ಲಿಮತ್ ಕೋಟೆಯ ಮೇಲೆ ನೆಟ್ಟರು. ಲೈಡನ್ನಿನಲ್ಲಿದ್ದ ಅವರ ಗುರು ರಾಬಿನ್‌ಸನ್ ಇದನ್ನು ಕೇಳಿ ನೊಂದು, ಖಂಡಿಸಿ ಕಾಗದ ಬರೆದ. ತನ್ನನ್ನು ಚುಚ್ಚುವ ಆ ಕಾಗದವನ್ನು ಬ್ರಾಡ್‌ಫರ್ಡ್ ಮುಚ್ಚಿಡಲಿಲ್ಲ, ತನ್ನ ಪುಸ್ತಕದಲ್ಲಿ ಸೇರಿಸಿದ. ಅದು ಅವನ ದೊಡ್ಡತನ. ಆದರೆ 1637ರಲ್ಲಿ ಇಂಗ್ಲಿಷರು ಮಿಸ್ಟಿಕ್‌ನ ಪೀಕ್ವಾಟ್ ಗ್ರಾಮಕ್ಕೆ ಬೆಂಕಿಯಿಟ್ಟು ನೂರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಸುಟ್ಟಾಗ ಅದನ್ನು ದೇವರು ಕೊಟ್ಟ ಜಯವೆಂದು ಬರೆದವನೂ ಅವನೇ. ಸಿಡುಬಿನಿಂದ ಗುಡಿಸಲುಗಳಲ್ಲಿ ನರಳಿ ಸತ್ತ ಮೂಲನಿವಾಸಿಗಳಿಗಾಗಿ ಮರುಗಿ ಬರೆದ ಅದೇ ಲೇಖನಿ ಇದನ್ನೂ ಬರೆಯಿತು. ತಾನು ಹಿಂಸೆ ಉಂಡು ದೇಶ ಬಿಟ್ಟವನು ಬೇರೆಯವರ ಹಿಂಸೆಯನ್ನು ಕಾಣದೆಹೋದದ್ದು ಹೇಗೆ? ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಇಡುತ್ತೇನೆ; ಉತ್ತರವನ್ನು ಮಕ್ಕಳೇ ಹುಡುಕಲಿ ಎಂದು ಬಿಡುತ್ತೇನೆ.

ಬರೆದಿಟ್ಟ ಪುಸ್ತಕ

1630ರಲ್ಲಿ ಬ್ರಾಡ್‌ಫರ್ಡ್ ಪ್ಲಿಮತ್ ನೆಲೆಯ ಇತಿಹಾಸವನ್ನು ಬರೆಯಲು ಕುಳಿತ. ಕಾಲೇಜು ಕಾಣದ ಅವನ ಗದ್ಯ ಸರಳ, ನೇರ. ತನ್ನನ್ನು ಮುಂದೆ ಮಾಡಿಕೊಳ್ಳದೆ ಗವರ್ನರ್ ಎಂದೇ ಹೆಚ್ಚಾಗಿ ಹೇಳಿಕೊಂಡಿದ್ದಾನೆ. ಕಥನ 1646ಕ್ಕೆ ನಿಲ್ಲುತ್ತದೆ. ಮುಂದೆ 1647, 1648 ಎಂದು ಇಸವಿ ಬರೆದಿದ್ದಾನೆ, ಕೆಳಗೆ ಏನೂ ಇಲ್ಲ. ಗೆಳೆಯರು ಒಬ್ಬೊಬ್ಬರಾಗಿ ಸತ್ತಿದ್ದರು. ಉಳಿದ ಹಲವರು ಒಳ್ಳೆಯ ಜಮೀನು ಹುಡುಕಿಕೊಂಡು ಊರು ಬಿಟ್ಟಿದ್ದರು. ಹಸಿವೆ ಒಟ್ಟಿಗೆ ಇಟ್ಟಿದ್ದ ಜನರನ್ನು ಅನುಕೂಲ ಚದುರಿಸಿತು. ಈ ನೋವು ಅವನ ಕೊನೆಯ ಪುಟಗಳಲ್ಲಿ ಕಾಣುತ್ತದೆ.

ಆದರೂ ಅವನು ಸುಮ್ಮನೆ ಕೂರಲಿಲ್ಲ. ಮುಪ್ಪಿನಲ್ಲಿ ಹೀಬ್ರೂ ಭಾಷೆ ಕಲಿಯತೊಡಗಿದ. ಬೈಬಲ್ಲಿನ ಹಳೆಯ ಭಾಗವನ್ನು ಮೂಲದಲ್ಲೇ ಓದುವ ಆಸೆ. ತನ್ನ ಹಸ್ತಪ್ರತಿಯ ಖಾಲಿ ಹಾಳೆಗಳಲ್ಲಿ ಶಾಲೆಯ ಹುಡುಗನಂತೆ ಹೀಬ್ರೂ ಪದಗಳನ್ನೂ ಅರ್ಥಗಳನ್ನೂ ಬರೆದು ಅಭ್ಯಾಸ ಮಾಡಿದ. 1657ರ ಮೇ 9ರಂದು, ಗವರ್ನರ್ ಆಗಿದ್ದಂತೆಯೇ, ಅರವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡ. ಕೆಲವು ವರ್ಷಗಳಿಗೆ ಮ್ಯಾಸಸಾಯ್ಟ್ ಕೂಡ ಹೋದ. ಶಾಂತಿ ಆ ಇಬ್ಬರ ಜೊತೆಗೇ ಸಡಿಲವಾಯಿತು. 1675ರಲ್ಲಿ ಮ್ಯಾಸಸಾಯ್ಟ್‌ನ ಮಗ ಮೆಟಾಕಾಮ್‌ಗೂ ಇಂಗ್ಲಿಷರಿಗೂ ಘೋರ ಯುದ್ಧವಾಯಿತು. ಯಾರ ಕಾಳು ತಿಂದು ಪ್ಲಿಮತ್ ಉಳಿದಿತ್ತೋ ಅವರು ನೆಲ ಕಳೆದುಕೊಂಡರು.

ಹಸ್ತಪ್ರತಿಯ ಪ್ರಯಾಣವೂ ವಿಚಿತ್ರ. ಬೋಸ್ಟನ್ನಿನ ಓಲ್ಡ್ ಸೌತ್ ಚರ್ಚಿನಲ್ಲಿದ್ದ ಅದು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಕಾಣೆಯಾಯಿತು. 1855ರಲ್ಲಿ ಲಂಡನ್ ಬಿಷಪ್ಪರ ಫುಲ್‌ಹ್ಯಾಮ್ ಅರಮನೆಯ ಗ್ರಂಥಾಲಯದಲ್ಲಿ ಅದು ಇರುವುದು ಗೊತ್ತಾಯಿತು. ಮರುವರ್ಷ ಅಚ್ಚಾಯಿತು, 1897ರಲ್ಲಿ ಮೂಲಪ್ರತಿ ಮ್ಯಾಸಚುಸೆಟ್ಸ್‌ಗೆ ಮರಳಿತು. ಇಂದು ಆ ಚಳಿಗಾಲದ ಬಗ್ಗೆ ನಾವು ತಿಳಿದಿರುವುದರಲ್ಲಿ ಬಹುಪಾಲು ಆ ಪುಸ್ತಕದಿಂದಲೇ. ಸ್ಕ್ವಾಂಟೊ ಬರೆದ ಪುಸ್ತಕ ಯಾವುದೂ ಇಲ್ಲ. ಡೊರೊಥಿಯ ಒಂದು ಕಾಗದವೂ ಉಳಿದಿಲ್ಲ.

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು. ಬ್ರಾಡ್‌ಫರ್ಡನಿಂದ ಕಲಿಯಬೇಕಾದದ್ದು ಇದೆ: ಅರ್ಧ ಪಡಿತರದ ದಿನ ಗವರ್ನರಿಗೂ ಅರ್ಧವೇ ಎಂಬುದು, ತನ್ನನ್ನು ಟೀಕಿಸಿದ ಕಾಗದವನ್ನೂ ಉಳಿಸಬೇಕು ಎಂಬುದು, ಕಲಿಯಲು ವಯಸ್ಸಿಲ್ಲ ಎಂಬುದು. ಅವನು ಕಾಣದೆಹೋದದ್ದನ್ನು ನೋಡಿಯೂ ಕಲಿಯಬೇಕು. ಒಂದು ಊರು ನಿಂತಿದೆ ಎಂದರೆ ಅದರ ಅಡಿಯಲ್ಲಿ ಯಾರದೋ ಹೊಲ, ಯಾರದೋ ಬಿತ್ತನೆ ಕಾಳು, ಯಾರೋ ಒಗೆದ ಬಟ್ಟೆ ಇರುತ್ತದೆ. ಅವರ ಹೆಸರು ಪುಸ್ತಕದಲ್ಲಿ ಇಲ್ಲದಿದ್ದರೆ ಹುಡುಕಿ ಕೇಳಿ ಬರೆದಿಡಿ. ಇತಿಹಾಸ ಓದಿದವರು ಮಾಡಬೇಕಾದ ಕೆಲಸ ಅದು.